ಇಬ್ಬರು ಬಸಮ್ಮಂದಿರು

ಸಿಂಧನೂರಿನ ನಮ್ಮ ಫ್ಲೆಕ್ಸ್ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟವರು ಲಿಂಗಸುಗೂರಿನಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ತೀರಿಕೊಂಡವರ ಹೆಸರು, ಫೋಟೊ ಹಾಕಿದರೆ ಸರ್ವರ್ ತಾನೇ ಶ್ರದ್ಧಾಂಜಲಿ ಚಿತ್ರ ತಯಾರಿಸಿ ಉಳಿಸಿಕೊಳ್ಳುತ್ತಿತ್ತು. ಮನೆಯವರು ಅದರ ಲಿಂಕನ್ನು ಬಂಧುಗಳಿಗೆ ಕಳಿಸುತ್ತಿದ್ದರು. ಹೊಸ ಚಿತ್ರ ಕಂಡಾಗಲೆಲ್ಲ ಮೇಡಂ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, "ಯಾರ ಮನಿಯವ್ರೋ, ಪಾಪ" ಎನ್ನುತ್ತಿದ್ದರು.

ಒಮ್ಮೆ ಮಸ್ಕಿಯ ರೈತರೊಬ್ಬರು ಬಂದು ಮೊಬೈಲ್ ಮುಂದೆ ಹಿಡಿದರು. "ನಮ್ಮ ಮನಿಯಾಕಿ ಜಾಗಾದಾಗ ಬ್ಯಾರೆ ಯಾರೋ ಅದಾರ್ರಿ."

ಸರ್ವರ್ ಚಿತ್ರಗಳನ್ನು ತೀರಿಕೊಂಡವರ ಹೆಸರಿನಲ್ಲೇ ಉಳಿಸುತ್ತಿತ್ತು; ಲಿಂಕ್ ಕೂಡ ಆ ಹೆಸರಿನದೇ. ಹಿಂದಿನ ದಿನ ದಢೇಸುಗೂರಿನಲ್ಲೂ ಒಬ್ಬ ಬಸಮ್ಮ ತೀರಿಕೊಂಡಿದ್ದರು. ಅವರ ಚಿತ್ರ ಬಂದು ಕೂತಾಗ ಈ ರೈತರ ಹೆಂಡತಿ ಬಸಮ್ಮನ ಚಿತ್ರ ಅಳಿಸಿಹೋಗಿತ್ತು.

ಮೇಡಂ ಕುರ್ಚಿಯಿಂದ ಎದ್ದು ನಿಂತರು. "ತಪ್ಪು ನಂದೈತ್ರಿ ಯಪ್ಪಾ. ಒಂದ ಹೆಸರಿನವರು ಇಬ್ರು ಇರ್ತಾರಂತ ನಾ ವಿಚಾರ ಮಾಡಲಿಲ್ಲ."

ಮುಂದೆ ಪ್ರತಿ ಚಿತ್ರಕ್ಕೂ ಬೇರೆ ಸಂಖ್ಯೆ ಬೀಳುವಂತೆ ಅವರು ಅಲ್ಲೇ ಕೋಡ್ ತಿದ್ದಿದರು. ರೈತರ ಮೊಬೈಲಿನಿಂದ ಫೋಟೊ ತೆಗೆದುಕೊಂಡು ಚಿತ್ರವನ್ನು ಮತ್ತೆ ತಯಾರಿಸಿದರು. ಅದನ್ನು ಹಳೆಯ ಲಿಂಕಿನಲ್ಲೇ ಇಡಲು ಹೋದಾಗ ರೈತರು ಕೈ ಅಡ್ಡ ಹಿಡಿದರು.

"ತಡೀರಿ ಮೇಡಂ. ಆಕಿನ್ನ ಅಳಿಸಬ್ಯಾಡ್ರಿ. ಅವರ ಮನ್ಯಾಗ ಅದನ್ನ ನೋಡಾಕತ್ತಿರ್ತಾರ. ನಮ್ಮಾಕಿಗೆ ಹೊಸಾದು ಕೊಡ್ರಿ."

ಹೊಸ ಲಿಂಕ್ ಬಂದಾಗ ಅವರು ಹೆಂಡತಿಯ ಮುಖವನ್ನು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಹಳೆಯ ಲಿಂಕ್ ತೆರೆದು, ತಾವೆಂದೂ ಕಾಣದ ಆ ಬಸಮ್ಮನಿಗೆ ಕೈ ಮುಗಿದರು. ಪಕ್ಕದಲ್ಲಿ ನಿಂತಿದ್ದ ಮೇಡಂ ಕೂಡ ಕೈ ಮುಗಿದರು.