ಕೂತುಕೊಳ್ಳಿ ಎನ್ನದ ಪೊರ್ಬುಗಳು

ಹಿಲರಿ ಪೊರ್ಬುಗಳ ಮನೆಯ ಬಾಗಿಲು ತೆರೆದರೆ ಮೊದಲು ಕಾಣುತ್ತಿದ್ದದ್ದು ಕುರ್ಚಿಗಳ ಬೆನ್ನು. ಹಾಲಿನ ತುಂಬ ತೇಗದ ಕೈಕುರ್ಚಿಗಳು, ಎಲ್ಲವೂ ಬಾಗಿಲಿಗೆ ಬೆನ್ನು ಹಾಕಿ, ಬಂದವರ ಮೇಲೆ ಮುನಿಸಿಕೊಂಡ ನಾದಿನಿಯರ ಹಾಗೆ ಸಾಲಾಗಿ ಇರುತ್ತಿದ್ದವು. "ಕುರ್ಚಿಯ ಯೋಗ್ಯತೆ ಹಿಂದಿನಿಂದ ಗೊತ್ತಾಗ್ತದೆ ಟೀಚರೇ. ನಿಮ್ಮ ಸೋಫಾ ಮಾಡಿದವ ಹಿಂದೆ ಗೋಣಿಬಟ್ಟೆ ಹೊಡೆದು, ಗೋಡೆಗೆ ತಾಗಿಸಿ ಮಾನ ಉಳಿಸ್ಕೊಂಡಿದ್ದಾನೆ" ಎಂದು ನನಗೆ ಪಾಠ ಹೇಳಿದ್ದರು. ಪಾಠವೆಲ್ಲ ನಿಂತೇ ಕೇಳಬೇಕು. ನಮ್ಮ ಕಡೆ ಹಗೆಯವನು ಮನೆಗೆ ಬಂದರೂ ಮೊದಲು ಕೂತುಕೊಳ್ಳಿ ಎನ್ನುತ್ತಾರೆ, ನೀರು ಬೆಲ್ಲ ಕೊಡುತ್ತಾರೆ, ಜಗಳ ಆಮೇಲೆ. ಪೊರ್ಬುಗಳ ಬಾಯಲ್ಲಿ ಆ ಒಂದು ಮಾತು ಬಂದದ್ದನ್ನು ನಾನು ವರ್ಷಗಟ್ಟಲೆ ಕೇಳಲಿಲ್ಲ.

ಪೊರ್ಬುಗಳು ಅಂದರೆ ನಮ್ಮ ದಕ್ಷಿಣ ಕನ್ನಡದಲ್ಲಿ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು, ಹೆಂಗಸರಾದರೆ ಬಾಯಿ. ಬಹರೈನಿಗೆ ಬಂದರೂ ನನ್ನ ನಾಲಿಗೆ ಅದನ್ನು ಬಿಡಲಿಲ್ಲ. ಜಿಂಜ್‌ನಲ್ಲಿ ನಮ್ಮ ಫ್ಲ್ಯಾಟಿನ ಎದುರಿನ ಬಾಗಿಲು ಅವರದು. ಯಾವುದೋ ಎಂಜಿನಿಯರಿಂಗ್ ಕಂಪೆನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಲ್ಲಿಯ ಡೆನ್ಮಾರ್ಕಿನ ಮ್ಯಾನೇಜರ್ ಊರಿಗೆ ಹೊರಟಾಗ, ಒಯ್ಯುವುದು ಕಷ್ಟವೆಂದು ತನ್ನ ತಂದೆಯ ಕಾಲದ ಒಂದು ಕೈಕುರ್ಚಿಯನ್ನು ಇವರಿಗೆ ಕೊಟ್ಟು ಹೋದ. ಅವನು ಹೋದ, ಇವರಿಗೆ ಹುಚ್ಚು ಹಿಡಿಯಿತು. ಬಿಳಿಯರು ಊರು ಬಿಡುವಾಗ ವಿಲ್ಲಾದ ಅಂಗಳದಲ್ಲಿ ಸಾಮಾನು ಹರಡಿ ಮಾರುತ್ತಾರಲ್ಲ, ಅಲ್ಲೆಲ್ಲ ಹಾಜರ್. ಉಳಿದವರು ಮಿಕ್ಸಿ, ಸೈಕಲ್ ತಂದರೆ ಇವರು ಮತ್ತೊಂದು ಕುರ್ಚಿ ಹೊತ್ತು ತರುವರು.

ಚಂದವಿರಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ದೋಣಿಯ ಹುಟ್ಟಿನಂತೆ ತೆಳ್ಳಗಾಗುತ್ತ ಬರುವ ಕೈಗಳು, ಕೆಳಗೆ ಹೋದಂತೆ ಸಪೂರವಾಗುವ ಕಾಲುಗಳು, ಎಲ್ಲಿಯೂ ಮೊಳೆಯ ತಲೆ ಕಾಣದ ಜೋಡಣೆ. ವಾರದ ರಜೆಯಾದ ಶುಕ್ರವಾರ ಇಗರ್ಜಿಯಿಂದ ಬಂದವರೇ ಬನಿಯನ್ನಿನಲ್ಲಿ ಕೂತು ಆ ಕೈಗಳಿಗೆ ಎಣ್ಣೆ ಹಚ್ಚುತ್ತಿದ್ದರು. ನನಗೆ ಉರಿಯುತ್ತಿದ್ದದ್ದು ಅವುಗಳ ಧಿಮಾಕು ಕಂಡು. ತೇಗ ಹುಟ್ಟಿದ್ದು ಬರ್ಮಾದ ಕಡೆಯ ಕಾಡಿನಲ್ಲಿ. ಒಮ್ಮೆ ಡೆನ್ಮಾರ್ಕಿಗೆ ಹೋಗಿ ಬಂದ ಮಾತ್ರಕ್ಕೆ, ಎರಡು ವರ್ಷ ಗಲ್ಫಿನಲ್ಲಿದ್ದು ಊರಿಗೆ ಬಂದವರು ಸೆಂಟು ಬಳಿದುಕೊಂಡು ತಿರುಗುವ ಹಾಗೆ ಇವೂ ಬೀಗಬೇಕೇ? ಹಾಗೆಂದದ್ದಕ್ಕೆ ಪೊರ್ಬುಗಳು ಸನದ್‌ನ ಅಂಗಡಿಯಿಂದ ನಾವು ತಂದಿದ್ದ ಮರೂನ್ ವೆಲ್ವೆಟ್ಟಿನ ಸೋಫಾವನ್ನು ದಿಟ್ಟಿಸಿ, "ಇದು ಸೋಫಾ ಅಲ್ಲ ಟೀಚರೇ, ಗಬ್ಬದ ಎಮ್ಮೆ" ಎಂದರು. ಅದರ ಮೇಲೆಯೇ ಕೂತು, ನಾನು ಕೊಟ್ಟ ಚಾ ಕುಡಿಯುತ್ತ ಹೇಳಿದರು.

ಇಷ್ಟೆಲ್ಲ ಕುರ್ಚಿಗಳ ಮನೆಯಲ್ಲಿ ಅವರ ಹೆಂಡತಿ ಸೆವ್ರಿನ್ ಬಾಯಿ ಕೂರುತ್ತಿದ್ದದ್ದು ಅಡುಗೆಮನೆಯ ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ. ಬಾಯಿ ಆಸ್ಪತ್ರೆಯಲ್ಲಿ ನರ್ಸ್, ಡ್ಯೂಟಿಯಿಡೀ ನಿಂತೇ ಇರುವವರು, ಮೊಣಕಾಲು ಎರಡೂ ಹೋಗಿದ್ದವು. ಆ ಕೈಕುರ್ಚಿಗಳೋ ತಗ್ಗು, ಮೇಲಾಗಿ ಹಿಂದಕ್ಕೆ ವಾಲಿದವು. ಅವರು ಕೂತರೆ ಏಳಲಾರರು. ಪ್ಲಾಸ್ಟಿಕ್ ಕುರ್ಚಿಯನ್ನು ಹಾಲಿಗೆ ತಂದರೆ, ಕಣ್ಣಿಗೆ ನೋವಾಗುತ್ತದೆಂದು ಪೊರ್ಬುಗಳು ಎತ್ತಿ ಪುನಃ ಒಳಗಿಡುವರು. "ನನಗೆ ದೊಡ್ಡ ಆಸೆ ಎಂತದೂ ಇಲ್ಲ ಟೀಚರ್," ಬಾಯಿ ಒಮ್ಮೆ ಬೀನ್ಸ್ ಮುರಿಯುತ್ತ ಹೇಳಿದ್ದರು. "ಆಸ್ಪತ್ರೆಯಲ್ಲಿ ಎಲ್ಲರ ಹತ್ರ ನಾನೇ ಹೋಗಿ ನಿಲ್ಲಬೇಕು. ನನ್ನ ಮನೆಯ ಹಾಲಿನಲ್ಲಿ ಕೂತು, ಬಾಗಿಲಿಗೆ ಯಾರು ಬಂದ್ರು ಅಂತ ಒಮ್ಮೆ ನೋಡ್ಬೇಕು. ಅಷ್ಟೇ."

ಅಕ್ಟೋಬರಿನಲ್ಲಿ ಅಲ್ಲಿಯ ಕ್ರೈಸ್ತರಲ್ಲಿ ದೇವಮಾತೆಯ ಮೂರ್ತಿ ಮನೆಯಿಂದ ಮನೆಗೆ ಹೋಗುವ ಕ್ರಮವಿತ್ತು. ಮೂರ್ತಿ ಬಂದ ಸಂಜೆ ಎಲ್ಲರೂ ಸೇರಿ ಜಪಮಾಲೆ, ಆಮೇಲೆ ತಿಂಡಿ. ಆ ತಿಂಡಿಗೆ ನಾನೂ ಹಾಜರಿ ಹಾಕುತ್ತಿದ್ದೆ. ಹಾಗೆ ಇವರ ಮನೆಯ ಸರದಿ ಬಂತು. ದೇವರ ತಾಯಿಯ ಎದುರು ನೆಂಟರನ್ನು ನಿಲ್ಲಿಸಲಾಗುವುದೇ? ಯಾರನ್ನೂ ಕೇಳದೆಯೇ ಜನ ಕುರ್ಚಿಗಳನ್ನು ಸರಸರ ತಿರುಗಿಸಿ ಕೂತುಬಿಟ್ಟರು. ಪೊರ್ಬುಗಳು ಗೋಡೆಗೆ ಒರಗಿ ನಿಂತು ಜಪಸರ ತಿರುಗಿಸುತ್ತಿದ್ದರು, ಕಣ್ಣು ಮಾತ್ರ ಕುರ್ಚಿಯ ಕಾಲುಗಳ ಮೇಲೆ. ಮೆತ್ತೆಯ ಅಡಿಗೆ ಇದ್ದದ್ದು ಹಳೆಯ ರಬ್ಬರ್ ಪಟ್ಟಿಗಳು. ಇಲ್ಲಿಯ ಸೆಕೆಗೆ ಅವು ಹಪ್ಪಳವಾಗಿದ್ದವು. ಪ್ರಾರ್ಥನೆ ನಡೆಸುತ್ತಿದ್ದ ಹಿರಿಯರು ಭಾರೀ ಆಳು. ಜಪ ಅರ್ಧವಾಗುವಾಗ ಪಟಪಟನೆ ಪಟ್ಟಿ ಕಡಿದು, ಅವರು ಚೌಕಟ್ಟಿನೊಳಗೆ ಇಳಿದುಹೋದರು, ಮೊಣಕಾಲು ಗಲ್ಲಕ್ಕೆ ಬಂತು. ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಪೊರ್ಬುಗಳು ಓಡಿ ಬಂದು ಬಗ್ಗಿ ನೋಡಿ, "ಮರಕ್ಕೆ ಏನಾದ್ರೂ ಆಯ್ತಾ?" ಎಂದು ಕೇಳಿದರು. ಸೆವ್ರಿನ್ ಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡರು.

ಆ ಚಳಿಗಾಲ ಬಾಯಿಯ ಮೊಣಕಾಲಿಗೆ ಆಪರೇಶನ್ ಆಯಿತು. ಇನ್ನು ಎತ್ತರದ, ನೆಟ್ಟಗಿನ, ಕೈ ಊರಿ ಏಳುವಂಥ ಕುರ್ಚಿಯೇ ಬೇಕೆಂದು ಡಾಕ್ಟರು ಹೇಳಿದರು. ನಮ್ಮ ಸೋಫಾಸೆಟ್ಟಿನ ಒಂಟಿ ಸೀಟು ಎತ್ತರವಿತ್ತು, ಕೊಂಡುಹೋಗಿ ಎಂದರು ನನ್ನವರು. ಪೊರ್ಬುಗಳು ಅದನ್ನು ನೋಡಿ ಮೂಗು ಮುರಿದರು. ಹೆಂಡತಿ ಕೋಲು ಊರಿಕೊಂಡು ಮಂಚದಿಂದ ಪ್ಲಾಸ್ಟಿಕ್ ಕುರ್ಚಿಗೆ, ಪ್ಲಾಸ್ಟಿಕ್ ಕುರ್ಚಿಯಿಂದ ಮಂಚಕ್ಕೆ ತಿರುಗುತ್ತಿರುವಾಗ ಈ ಮನುಷ್ಯನಿಗೆ ನಮ್ಮ ವೆಲ್ವೆಟ್ಟಿನ ಬಣ್ಣ ಹಿಡಿಸಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಪೊರ್ಬುಗಳೇ, ನಾಳೆ ನಿಮಗೆ ಕಾಯಿಲೆ ಬಿದ್ರೆ ಗಂಜಿ ಕೊಡ್ಲಿಕ್ಕೆ ಆ ಕುರ್ಚಿಗಳು ಬರ್ತಾವಾ? ನಿಮ್ಮ ಮನೆಯಲ್ಲಿ ಮರಕ್ಕೆ ಜಾಗ ಉಂಟು, ಬಾಯಿಗೆ ಇಲ್ಲ" ಎಂದೆ. ಅವರು ಚಪ್ಪಲಿ ಮೆಟ್ಟಿ ಹೋದರು.

ಮರುದಿನ ಪಿಕಪ್ ಬಂತು. ಪೊರ್ಬುಗಳು ಆ ಡೆನ್ಮಾರ್ಕಿನವನು ಕೊಟ್ಟ ಮೊದಲ ಕುರ್ಚಿಯನ್ನೇ ಹೊತ್ತು ಟುಬ್ಲಿಯ ಒಂದು ಮರಗೆಲಸದ ಅಂಗಡಿಗೆ ಹೋದರು. ಒಬ್ಬ ಬಿಳಿಯ ಹಿಂದೆ ಬಿದ್ದು ಕೇಳಿದರೂ ಕೊಡದಿದ್ದ ಕುರ್ಚಿ ಅದು. ಸಂಜೆ ತಂದರು, ನಾಲ್ಕೂ ಕಾಲುಗಳ ಅಡಿಗೆ ಬೇರೆ ಬಣ್ಣದ ಮರದ ತುಂಡು ಕಚ್ಚಿಸಿ. ಇಷ್ಟು ವರ್ಷ ಕುರ್ಚಿಶಾಸ್ತ್ರ ಬೋಧಿಸಿದವರ ಬುದ್ಧಿ ನೋಡಿ, ನಾಲ್ಕನ್ನೂ ಸಮಾ ಎತ್ತರಿಸಿದ್ದರು! ಕುರ್ಚಿ ಮೇಲೆ ಬಂತು, ವಾಲುವುದು ಹಾಗೆಯೇ ಉಳಿಯಿತು. ಬಾಯಿ ಕೂತರು, ಏಳಲಾಗಲಿಲ್ಲ. ಒಂದು ಕೈ ಪೊರ್ಬುಗಳು, ಒಂದು ಕೈ ನಾನು ಹಿಡಿದು ಎಳೆದೆವು. ಬಾಯಿ ನಕ್ಕು ನಕ್ಕು ಕಣ್ಣೀರು ಹಾಕಿದರು. ಕುರ್ಚಿ ಪುನಃ ಟುಬ್ಲಿಗೆ ಹೋಯಿತು. ಈ ಸಲ ಹಿಂದಿನ ಕಾಲುಗಳಿಗೆ ಇನ್ನಷ್ಟು ತುಂಡು. ಈಗ ಇಗರ್ಜಿಯ ಬೆಂಚಿನ ಹಾಗೆ ನೆಟ್ಟಗಾಯಿತು. ಆ ಚಂದದ ಕೈಗಳು ಮಾತ್ರ ಹಾಯಲು ಬಂದ ಹೋರಿಯ ಕೊಂಬಿನ ಹಾಗೆ ಮುಂದಕ್ಕೆ ಬಗ್ಗಿದವು. ಅಷ್ಟು ಕುರೂಪದ ಕುರ್ಚಿಯನ್ನು ನಾನು ಎಲ್ಲಿಯೂ ಕಂಡಿಲ್ಲ.

ಅದೊಂದನ್ನು ಬಾಗಿಲಿಗೆ ಮುಖ ಮಾಡಿ ಇಟ್ಟರು. ಉಳಿದವುಗಳ ಹಾಗೆ ತಿರುಗಿಸಿಡಲಿಲ್ಲ ಯಾಕೆ ಎಂದು ಕೆಣಕಿದೆ. "ಇನ್ನು ಅದರ ಬೆನ್ನಿನಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದು ಸಿಡುಕಿದರು. ಅಂದಿನಿಂದ ನಾನು ಬಾಗಿಲು ತೆರೆದರೆ ಸಾಕು, ಎದುರಿನಿಂದ "ಬನ್ನಿ ಟೀಚರ್" ಎಂದು ಬಾಯಿಯ ಸ್ವರ ಬರುತ್ತಿತ್ತು. ಪೊರ್ಬುಗಳು ಆ ಕುರ್ಚಿಯ ಕಡೆ ನೋಡದೆಯೇ ಹೆಂಡತಿಗೆ ಚಾ ತಂದುಕೊಡುತ್ತಿದ್ದರು. ನನಗೆ ಕೂತುಕೊಳ್ಳಿ ಎನ್ನುವ ಬುದ್ಧಿ ಅವರಿಗೆ ಆಗಲೂ ಬರಲಿಲ್ಲ.

ಮರುವರ್ಷದ ಸೆಕೆಯಲ್ಲಿ ಬಾಯಿ ತೀರಿಕೊಂಡರು. ಹೃದಯ. ತಾವೇ ಕೆಲಸ ಮಾಡಿದ ವಾರ್ಡಿನಲ್ಲಿ ಹೋದರು. ಹತ್ತಿರದವರು ಸತ್ತಾಗಲೂ ಇಷ್ಟು ಅತ್ತಿರಲಿಲ್ಲ ನಾನು.

ಪೊರ್ಬುಗಳು ಊರಿಗೆ ಹೊರಟರು. ಹಿಂದಿನ ಸಂಜೆ ನೀರುದೋಸೆ, ಕೋಳಿಸಾರು ಕಟ್ಟಿಕೊಂಡು ಹೋದೆ. ಮುದ್ದಿನ ಕುರ್ಚಿಗಳು ಯಾವ ವಿಲ್ಲಾ ಸೇರಿದವು ಎಂದು ಕೇಳಿ ಒಮ್ಮೆ ಚುಚ್ಚಬೇಕೆಂದೇ ಇದ್ದೆ. ಬಾಗಿಲು ತೆರೆದಿತ್ತು. ಹಾಲು ಬರಿದಾಗಿತ್ತು, ಎಲ್ಲವನ್ನೂ ಮಾರಿದ್ದರು. ಆ ಕುರೂಪಿ ಒಂದೇ ಬಾಗಿಲಿಗೆ ಮುಖ ಮಾಡಿ ಉಳಿದಿತ್ತು. ಅದನ್ನು ಊರಿಗೆ ಕಳುಹಿಸಲು ಪಕ್ಕದಲ್ಲಿ ರಟ್ಟು, ಹಗ್ಗ ತಂದಿಟ್ಟಿದ್ದರು. ಪೊರ್ಬುಗಳು ಎಂದಿನ ಹಾಗೆ ಗೋಡೆಗೆ ಒರಗಿ ನಿಂತಿದ್ದರು.

"ಕೂತ್ಕೊಳ್ಳಿ ಟೀಚರೇ," ಎಂದರು. "ಅಲ್ಲಿಂದ ಬಾಗಿಲು ಕಾಣ್ತದೆ."

ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ತೆರೆದ ಬಾಗಿಲಿನಾಚೆ ಕಂಡದ್ದು ನನ್ನ ಮನೆಯ ಬಾಗಿಲು.