ದಾಳಿಂಬೆಯ ಬದಲಿಗೆ

ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಆಕೆಗೆ ಬದಲಿಯಕ್ಕ ಅಂತಲೇ ಹೆಸರು. ಟೊಮೇಟೊ ಮುಗಿದರೆ ಹುಣಸೆ, ಹುಣಸೆಯೂ ಇಲ್ಲವೇ, ಮಾವಿನಕಾಯಿ. ಇಲ್ಲ ಅನ್ನುವ ಮಾತು ಆಕೆಯ ಬಾಯಲ್ಲಿ ಬಂದದ್ದೇ ಇಲ್ಲ. ಹುಡುಗಿಯರು ತಟ್ಟೆ ನೆಕ್ಕಿ ಏಳುತ್ತಿದ್ದರು. ಆಕೆಯ ಅಡುಗೆಯನ್ನು ಹೊಗಳದೆ ಉಳಿದವನು ಒಬ್ಬನೇ, ಕಟ್ಟಿಕೊಂಡ ಗಂಡ.

ಆತ ಟೈಲರ್. ಹೊಲಿಗೆ ಒಂದೆಳೆ ಆಚೀಚೆಯಾದರೂ ಬಿಚ್ಚಿ ಹೊಲಿಯುವವನು, ಊಟದಲ್ಲಿ ಬಿಟ್ಟಾನೆಯೇ? ಮದುವೆಯಾದಾಗಿನಿಂದ ಬಾಯಿತಪ್ಪಿ ಕೂಡ 'ಚೆನ್ನಾಗಿದೆ' ಅಂದವನಲ್ಲ. 'ತಿನ್ನಬಹುದು' ಅಂದರೆ ಅದೇ ದೊಡ್ಡ ಬಿರುದು. ತಕರಾರಿಲ್ಲದೆ ತಿನ್ನುತ್ತಿದ್ದದ್ದು ಒಂದೇ: ಸಣ್ಣಗೆ ಹೆಚ್ಚಿದ ಕೋಸು, ಅದರ ಮೇಲೆ ಕೈತುಂಬ ದಾಳಿಂಬೆ ಕಾಳು.

ಆತನ ಕಿಡ್ನಿ ಕೈಕೊಟ್ಟಿತು. ಡಾಕ್ಟರು ಬೇಡವೆಂದ ಪದಾರ್ಥಗಳಲ್ಲಿ ದಾಳಿಂಬೆಯೂ ಸೇರಿತು. ಆತ ಊಟವನ್ನೇ ದೂರ ಮಾಡಿದ. ತಾನೇ ಹೊಲಿದ ಅಂಗಿ ಮೈಮೇಲೆ ಜೋತಾಡತೊಡಗಿತು. ನಾಲ್ಕು ತುತ್ತು ಒಳಗೆ ಹೋದರೆ ಜೀವ ನಿಂತೀತು ಎಂದು ಆಕೆ ಟೊಂಕ ಕಟ್ಟಿ ನಿಂತಳು. ಡಾಕ್ಟರನ್ನು ಕೇಳಿ ಮೊದಲು ಕೋಸಿನ ಮೇಲೆ ಕೆಂಪು ದ್ರಾಕ್ಷಿ ಸೀಳಿ ಹಾಕಿದಳು.

"ಬರೀ ಸಿಹಿ. ಹಲ್ಲಿಗೆ ಸಿಕ್ಕಿದ್ದೇ ಗೊತ್ತಾಗಲ್ಲ," ಎಂದು ಆತ ಬಟ್ಟಲು ತಳ್ಳಿದ.

ಆಮೇಲೆ ಸೇಬನ್ನು ಮಣಿಯಷ್ಟು ಸಣ್ಣಗೆ ಹೆಚ್ಚಿ ನಿಂಬೆಹಣ್ಣು ಹಿಂಡಿದಳು. ಆತ ಅರ್ಧ ತಿಂದ. ಹೀಗೇ ದಿನ ಕಳೆಯಿತು. ಒಂದು ಮಧ್ಯಾಹ್ನ ಬಟ್ಟಲು ಬರಿದು ಮಾಡಿ, "ಚೆನ್ನಾಗಿದೆ ಕಣೇ," ಅಂದ.

ಆಕೆಯ ಕೈಯ ಸೌಟು ಜಾರುವುದೊಂದು ಬಾಕಿ. ಅಂದಿನಿಂದ ದಿನಾ ಹೊಗಳಿಕೆ. ಹಾಸ್ಟೆಲ್ಲಿನಲ್ಲಿ ಹೇಳಿಕೊಂಡಾಗ ಪಾತ್ರೆ ತೊಳೆಯುವಾಕೆ ನಕ್ಕಳು: "ನಿಮ್ಮೆಜಮಾನ್ರಾ? ಸೂರ್ಯ ಯಾವ ಕಡೆ ಹುಟ್ಟಿದ್ನಕ್ಕಾ?" ಪಾಪ, ಬದಲಿಯಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗಂಡ ಚೇತರಿಸಿಕೊಳ್ಳುತ್ತಿದ್ದಾನೆ ಅಂತಲೇ ನಂಬಿದ್ದಳು.

ಮೊನ್ನೆ ಹಾಸ್ಟೆಲ್ಲಿಗೆ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ಬಟ್ಟಲು ಕೊಟ್ಟಳು. ಆತ ತಿಂದು, "ಇವತ್ತು ಹುಳಿ ಹದವಾಗಿದೆ. ಥೇಟ್ ದಾಳಿಂಬೆ," ಅಂದ.

ಆಕೆ ತಿರುಗಿ ನೋಡಿದರೆ ನಿಂಬೆಹಣ್ಣು ಇಡಿಯಾಗಿ ಕಟ್ಟೆಯ ಮೇಲೇ ಇತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಸಪ್ಪೆ ಅಂದರೆ ಸಪ್ಪೆ.

"ರೀ, ನಾನು ನಿಂಬೆಹಣ್ಣೇ ಹಿಂಡಿಲ್ಲ."

ಆತ ಚಮಚ ಕೆಳಗಿಟ್ಟ. "ರುಚಿ ಹೋಗಿ ತುಂಬಾ ದಿನ ಆಯ್ತು. ಏನು ತಿಂದ್ರೂ ಮಣ್ಣು ತಿಂದ ಹಾಗೆ. ನೀನು ಅಷ್ಟು ಒದ್ದಾಡ್ತಿದ್ದೆ, ಹೇಳೋಕೆ ಬಾಯಿ ಬರಲಿಲ್ಲ." ಬಟ್ಟಲು ನೋಡುತ್ತಲೇ ಅಂದ, "ರುಚಿ ಗೊತ್ತಾಗ್ತಿದ್ದಾಗಲೇ ಹೇಳಬೇಕಿತ್ತು. ಆಗ ಹೇಳಲಿಲ್ಲ."

ಆಕೆಯ ದುಃಖ ಕಟ್ಟೆಯೊಡೆಯಿತು. "ನನಗೆ ನಿಮ್ಮ ಹೊಗಳಿಕೆ ಬೇಡ ರೀ. ಮೊದಲಿನ ಹಾಗೆ ಒಂದೇ ಒಂದು ಸಲ ಬೈದುಬಿಡಿ."

ಆತ ಇನ್ನೊಂದು ಚಮಚ ಬಾಯಿಗಿಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಅಗಿದ. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ:

"ನೀನೇ ಹೇಳಿಕೊಡು. ಉಪ್ಪು ಜಾಸ್ತಿ ಅನ್ಲಾ, ಕಡಿಮೆ ಅನ್ಲಾ?"