ನನ್ನ ಬಲಗೈ ಬದಲಿಗೆ ಬಂದ ಕ್ಲಿಪ್ಪು

ಪಿತ್ತಕೋಶದ ಕಲ್ಲಿಗೆ ಈಗ ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ತೂತುಗಳಿಂದಲೇ ಆಪರೇಷನ್ ಮಾಡುತ್ತಾರೆ. ಜನ ಡಾಕ್ಟರನ್ನು ಹೊಗಳುತ್ತಾರೆ. ಆದರೆ ಒಂದು ತೂತಿನಿಂದ ಉದ್ದನೆಯ ಇಕ್ಕಳ ಇಳಿಸಿ, ಪಿತ್ತಕೋಶದ ತುದಿ ಹಿಡಿದು, ಅದರ ಮೇಲೆ ಮಲಗಿದ ಲಿವರನ್ನು ಎತ್ತಿಕೊಂಡು ಕೊನೆಯವರೆಗೂ ಅಲುಗಾಡದೆ ನಿಲ್ಲುವವರು ಒಬ್ಬರು ಬೇಕು. ಚಂದಾಪುರದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಆ ಒಬ್ಬರು ನಾನು, ಆಪರೇಷನ್ ಥಿಯೇಟರಿನ ನರ್ಸ್. ಹೊಗಳಿಕೆ ಬರಲಿಲ್ಲ, ಭುಜದ ನೋವು ಪುಕ್ಕಟೆ ಬಂತು.

ಆಪರೇಷನ್ ಮುಗಿದ ಮೇಲೆ ಚಹಾದ ಕಪ್ಪನ್ನೂ ನಾನು ಎಡಗೈಯಲ್ಲೇ ಎತ್ತುವುದನ್ನು ನಮ್ಮ ಡಾಕ್ಟರಮ್ಮ ಗಮನಿಸಿದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು.

"ಅಕ್ಕಾ, ಹಿಂಗೇ ಆದ್ರ ನಿಮ್ಮನ್ನ ವಾರ್ಡಿಗಿ ಹಾಕಬೇಕಾಗ್ತದ ನೋಡ್ರಿ."

ವಾರ್ಡಿನ ಕೆಲಸ ಕೀಳೆಂದಲ್ಲ. ಆದರೆ ಥಿಯೇಟರಿನ ದೀಪದ ಕೆಳಗೆ ನಿಲ್ಲದಿದ್ದರೆ ನಾನು ನಾನೇ ಅಲ್ಲ. ಸಿಟ್ಟಿನಿಂದ ಅವರ ಜತೆ ಮಾತೇ ಬಿಟ್ಟೆ.

ಅಷ್ಟರಲ್ಲಿ ಒಂದು ಪೆಟ್ಟಿಗೆ ಬಂತು. ಡಾಕ್ಟರಮ್ಮ ಓದಿದ ಕಾಲೇಜಿನ ಇಂಜಿನಿಯರುಗಳು ಹೊಸ ಉಪಕರಣ ಮಾಡಿ, ಪರೀಕ್ಷಿಸಿ ಹೇಳಿ ಎಂದು ಕಳಿಸಿದ್ದರು. ಉಗುರಿನಷ್ಟು ಕ್ಲಿಪ್ಪು, ಅದಕ್ಕೊಂದು ದಾರ, ದಾರದ ತುದಿಗೆ ಕೊಕ್ಕೆ. ಕ್ಲಿಪ್ಪು ಪಿತ್ತಕೋಶವನ್ನು ಕಚ್ಚುತ್ತದೆ, ಕೊಕ್ಕೆ ಹೊಟ್ಟೆಯ ಒಳಗೋಡೆಗೆ ಸಿಕ್ಕಿಕೊಂಡು ಲಿವರನ್ನು ಮೇಲೆಳೆದು ನಿಲ್ಲಿಸುತ್ತದೆ. ಹೊರಗಿನಿಂದ ಯಾರ ಕೈಯೂ ಬೇಡ. ಮನುಷ್ಯರಿಗೆ ಬಳಸಲು ಅನುಮತಿ ಸಿಗುವುದು ಆಮೇಲಿನ ಮಾತು, ಮೊದಲು ಆಡಿನ ಲಿವರಿನ ಮೇಲೆ ಗೆಲ್ಲಬೇಕಿತ್ತು.

"ಇದು ನಿಂತ್ರ ನೀವೂ ಥಿಯೇಟರ್‌ದಾಗೇ ನಿಂತ್ರಿ ಅಕ್ಕಾ," ಎಂದರು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಗೆ ನಾನೇ ಓಡಿದೆ. "ಚಾಚಾ, ಇಡೀ ಕಲೇಜಿ ಬೇಕ್ರಿ, ತುಂಡು ಮಾಡಬ್ಯಾಡ್ರಿ," ಎಂದು ಮತ್ತೆ ಮತ್ತೆ ಹೇಳಿ ತಂದೆ. ಆಸ್ಪತ್ರೆಯಲ್ಲಿ ಚೀಲ ಬಿಚ್ಚಿದರೆ ಲಿವರು ಇಡಿಯಾಗಿ ಫಳಫಳ ಹೊಳೆಯುತ್ತಿದೆ, ಪಿತ್ತಕೋಶವೇ ಇಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ಓಡಿದೆ.

"ಪಿತ್ತ ಬಿಟ್ರ ಎಲ್ಲಾ ಕಹಿ ಆಗ್ತದವ್ವಾ," ಎಂದು ಚಾಚಾ ನನಗೇ ಬುದ್ಧಿ ಹೇಳಿದರು. "ನಮ್ಮ ಅಂಗಡಿ ಹೆಸರು ಏನಾಗಬೇಕು?"

"ನನಗ ಆ ಪಿತ್ತಾನೇ ಬೇಕ್ರಿ ಚಾಚಾ!"

"ಬಿಸಲು ಭಾಳ ಅದ, ನೆಳ್ಳಿಗಿ ಕುಂದ್ರು ಮೊದಲ," ಎಂದರು. ಆಪರೇಷನ್ ಕಲಿಯಲಿಕ್ಕೆ ಎಂದು ಬಿಡಿಸಿ ಹೇಳಿದ ಮೇಲೆ, ಪಿತ್ತಕೋಶದ ಹಸಿರು ಚೀಲ ಜೋತಾಡುವ ಇನ್ನೊಂದು ಲಿವರನ್ನು ಕೊಟ್ಟರು. ಬೇರೆ ಗಿರಾಕಿಗಳು ನೋಡಿಯಾರೆಂದು ಅದನ್ನು ಕಪ್ಪು ಚೀಲದಲ್ಲಿ ಮುಚ್ಚಿ, ನನ್ನನ್ನು ಬೇಗ ಸಾಗಹಾಕಿದರು.

ರಬ್ಬರ್ ಹಾಳೆಯ ಮುಚ್ಚಳವಿದ್ದ ಪೆಟ್ಟಿಗೆಯೇ ನಮ್ಮ ರೋಗಿ. ಒಳಗೆ ಲಿವರು, ಎದುರಿಗೆ ಟಿವಿ. ನನ್ನ ಎಡಗೈಗೆ ಕ್ಯಾಮೆರಾ ಕೊಟ್ಟು ಡಾಕ್ಟರಮ್ಮ ಕ್ಲಿಪ್ಪು ಕಚ್ಚಿಸಿದರು, ಕೊಕ್ಕೆಯನ್ನು ಮೇಲಿನ ಹಾಳೆಗೆ ಸಿಕ್ಕಿಸಿದರು. ಲಿವರು ಎದ್ದಿತು. ನಾನು ಉಸಿರು ಬಿಡುವ ಮೊದಲೇ ರಬ್ಬರ್ ಹರಿದು ದೊಪ್ಪೆಂದು ಬಿತ್ತು. ವಾರ್ಡಿನ ಕಬ್ಬಿಣದ ಮಂಚಗಳು ಕಣ್ಣೆದುರು ಬಂದವು. ಅಳುವೇ ಬಂತು.

"ತಪ್ಪು ಕೊಕ್ಕೀದಲ್ಲ ಅಕ್ಕಾ. ಮನಷ್ಯಾರ ಹೊಟ್ಟಿ ಇಷ್ಟ ತೆಳ್ಳಗ ಇರಂಗಿಲ್ಲ," ಎಂದವರೇ ಹೋಗಿ ಕಾರಿನಿಂದ ತಮ್ಮ ಯೋಗದ ಚಾಪೆ ತಂದು ಕತ್ತರಿಸಿ ಮುಚ್ಚಳದ ಒಳಗೆ ಹೊಲಿದರು.

"ಇನ್ನ ನಿಮ್ಮ ಯೋಗಾ ಮುಗೀತ್ರಿ ಮೇಡಂ," ಎಂದೆ.

"ಶುರು ಆಗಿದ್ದರ ಯಾವಾಗ?"

ಈ ಸಲ ಕೊಕ್ಕೆ ಕಚ್ಚಿತು. ಲಿವರು ಎದ್ದು ನಿಂತಿತು. ಡಾಕ್ಟರಮ್ಮ ಎಲ್ಲೂ ಅವಸರ ಮಾಡದೆ ಪಿತ್ತಕೋಶವನ್ನು ಸುತ್ತಲೂ ಬಿಡಿಸತೊಡಗಿದರು. ನಾನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಲಿವರು ಒಂದಿಷ್ಟೂ ಜಾರಲಿಲ್ಲ. ಕೊನೆಗೆ ಹಸಿರು ಚೀಲ ಇಡಿಯಾಗಿ ಬಿಟ್ಟುಬಂತು, ಒಂದು ಹನಿ ಪಿತ್ತವೂ ಸೋರಿರಲಿಲ್ಲ. ನಾನು ಸಣ್ಣ ಹುಡುಗಿಯಂತೆ ಕೂಗಿಬಿಟ್ಟೆ.

ಡಾಕ್ಟರಮ್ಮ ನನ್ನತ್ತ ತಿರುಗಿ ನಕ್ಕರು. "ಅಕ್ಕಾ, ಅದೇನು ಹಿಡಕೊಂಡೀರಿ?"

ನೋಡಿಕೊಂಡೆ. ನನ್ನ ಬಲಗೈ ಎಂದಿನಂತೆ ಗಾಳಿಯಲ್ಲೇ ಎದ್ದು ನಿಂತಿತ್ತು, ಬೆರಳುಗಳು ಇಲ್ಲದ ಇಕ್ಕಳವನ್ನು ಬಿಗಿಯಾಗಿ ಹಿಡಿದಿದ್ದವು.

"ಇಳಸ್ರಿ ಇನ್ನ. ಅದು ತಾನೇ ಹಿಡಕೊಂಡದ."

ಇಳಿಸಿದೆ. ಅಷ್ಟು ಹೊತ್ತಿಗೆ ಚಹಾ ಬಂತು. ಕೈ ತೊಳೆದು ಬಂದು ಕಪ್ಪನ್ನು ಬಲಗೈಯಲ್ಲಿ ಎತ್ತಿಕೊಂಡೆ.